ಮುನ್ನೂರು ದಿನಾರಿಯ ತೈಲ

ಗರಿಗಳ ಭಾನುವಾರ ದೇವಾಲಯದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತೆಂಗಿನ ಗರಿ ಹಿಡಿದ ಮಕ್ಕಳು, ಊರಿಂದ ಬಂದ ನೆಂಟರು, ಬಾಗಿಲಾಚೆಗೂ ನಿಂತ ಜನ. ಗುರುವಾರ ಸಂಜೆಯಿಂದ ಮತ್ತೆ ಹಾಗೆಯೇ. ನಡುವಿನ ಸೋಮವಾರ, ಮಂಗಳವಾರ, ಬುಧವಾರಗಳನ್ನು ಮಾತ್ರ ಕೇಳುವವರಿಲ್ಲ. ಆ ಬೆಳಗಿನ ಬಲಿಪೂಜೆಗಳಿಗೆ ಬರುವವರು ದಿನವೂ ಬರುವ ಕೆಲವು ವಯಸ್ಸಾದವರು. ಅವರಲ್ಲಿ ನಾನೂ ಒಬ್ಬಳು. ಪವಿತ್ರ ವಾರದಲ್ಲಿ ನಿನಗೆ ತೀರ ಹತ್ತಿರದ ದಿನ ಯಾವುದು ಎಂದು ಯಾರಾದರೂ ಕೇಳಿದರೆ, ಆ ಖಾಲಿ ಬೆಂಚುಗಳ ಸೋಮವಾರ ಎಂದೇ ಹೇಳುತ್ತೇನೆ. ಅಂದು ಓದುವುದು ಯೊವಾನ್ನನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯ, ಬೆಥಾನಿಯದ ಔತಣದ ಪ್ರಸಂಗ.

ಪ್ರಸಂಗ ಚಿಕ್ಕದು. ಪಾಸ್ಖ ಹಬ್ಬಕ್ಕೆ ಆರು ದಿನ ಮುಂಚೆ ಯೇಸುಸ್ವಾಮಿ ಜೆರುಸಲೇಮಿನ ಮಗ್ಗುಲಲ್ಲೇ ಇರುವ ಬೆಥಾನಿಯಕ್ಕೆ ಬರುತ್ತಾರೆ. ಮಾರ್ತ ಬಡಿಸುತ್ತಿದ್ದಾಳೆ. ಸತ್ತು ನಾಲ್ಕು ದಿನ ಸಮಾಧಿಯಲ್ಲಿದ್ದು ಎದ್ದುಬಂದ ಅವಳ ತಮ್ಮ ಲಾಜರ ಪಂಕ್ತಿಯಲ್ಲಿ ಕೂತಿದ್ದಾನೆ. ಆಗ ಸೋದರಿ ಮರಿಯ ಅಪ್ಪಟ ಜಟಾಮಾಂಸಿ ತೈಲ ತಂದು ಯೇಸುವಿನ ಪಾದಕ್ಕೆ ಸುರಿದು, ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಮನೆಯೆಲ್ಲ ಪರಿಮಳ. ಹಣದ ಚೀಲ ನೋಡಿಕೊಳ್ಳುತ್ತಿದ್ದ ಶಿಷ್ಯ ಯೂದನಿಗೆ ಇದು ಸರಿಕಾಣುವುದಿಲ್ಲ. ಮುನ್ನೂರು ದಿನಾರಿ ಬೆಲೆಬಾಳುವ ವಸ್ತು, ಮಾರಿ ಬಡವರಿಗೆ ಹಂಚಬಹುದಿತ್ತು ಎಂದು ಆಕ್ಷೇಪ ತೆಗೆಯುತ್ತಾನೆ. ಯೇಸು ಅವನನ್ನು ತಡೆಯುತ್ತಾರೆ. ಆಕೆ ಮಾಡಿದ್ದು ತಮ್ಮ ಸಮಾಧಿಯ ದಿನಕ್ಕಾಗಿ ಎನ್ನುತ್ತಾರೆ. ಬಡವರು ಯಾವಾಗಲೂ ನಿಮ್ಮ ಜೊತೆಗಿರುತ್ತಾರೆ, ತಾವು ಇರುವುದಿಲ್ಲ ಎಂಬುದನ್ನೂ ನೆನಪಿಸುತ್ತಾರೆ.

ಈ ಪ್ರಸಂಗ ಕೇಳುವಾಗ ನನ್ನ ಮನಸ್ಸು ಮೊದಲು ಓಡುವುದು ಬೆಲೆಯ ಕಡೆಗೆ. ನಾನು ದುಡಿದದ್ದು ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ. ಇದ್ದಿಲು ಪುಡಿ, ಜಿಗಟು, ಬಿದಿರಿನ ಕಡ್ಡಿ ಲಾರಿಗಟ್ಟಲೆ ಬಂದು ಉಗ್ರಾಣದಲ್ಲಿ ಬೀಳುತ್ತಿದ್ದವು. ಅವಕ್ಕೆ ಕಾವಲು ಬೇಕಿರಲಿಲ್ಲ. ಸುವಾಸನೆ ಕೊಡುವ ಸರಕು ಬೇರೆ. ಗಂಧದೆಣ್ಣೆಯಂಥವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ದಾಸ್ತಾನು ಪುಸ್ತಕಕ್ಕೆ ಸಹಿ ಮಾಡಿಸಿಕೊಳ್ಳುತ್ತಿದ್ದೆವು. ಮನೆಯಲ್ಲಿ ಕೂತು ಕಡ್ಡಿ ಹೊಸೆಯುತ್ತಿದ್ದ ಹೆಂಗಸರಿಗೆ ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಅವರು ಹೊಸೆದ ಕಡ್ಡಿಗೆ ಪರಿಮಳ ಸೇರುತ್ತಿದ್ದದ್ದು ಅದು ಅವರ ಕೈ ಬಿಟ್ಟು ಕಾರ್ಖಾನೆಗೆ ಬಂದಮೇಲೆ. ಹೀಗಾಗಿ ವರ್ಷಗಟ್ಟಲೆ ಊದುಬತ್ತಿ ಮಾಡಿದ ಆ ಕೈಗಳಿಗೆ ಇದ್ದಿಲಿನ ಮಸಿ ಅಂಟುತ್ತಿತ್ತು, ಸುಗಂಧ ಅಂಟುತ್ತಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಜಟಾಮಾಂಸಿ ನಮ್ಮ ದೇಶದ ಬೇರು. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿಗಿಂತ ಎತ್ತರದ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಈಗ ಅಗೆದೂ ಅಗೆದೂ ಅಪರೂಪವಾಗಿದೆ. ದೇವರಾಜ ಮಾರುಕಟ್ಟೆಯ ಸುತ್ತಲಿನ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ, ಕಂದು ಬಣ್ಣದ, ಜಡೆಗಟ್ಟಿದ ನಾರಿನಂಥ ತುಂಡನ್ನು ಕಾಗದದಲ್ಲಿ ಸುತ್ತಿಕೊಡುತ್ತಾರೆ. ಮಲ್ಲಿಗೆಯ ಹಾಗೆ ಮೂಗಿಗೆ ಹಿತವಾಗಿ ಬರುವ ವಾಸನೆ ಅದಲ್ಲ. ಒದ್ದೆ ಮಣ್ಣು, ಹಳೆ ಬೇರು, ಪ್ರಾಣಿಯ ಮೈ ಎಲ್ಲ ಬೆರೆತ ದಟ್ಟ ಘಾಟು; ಸ್ವಲ್ಪ ಹೊತ್ತು ಕಳೆದ ಮೇಲೆ ಒಳಗಿನಿಂದ ಸಿಹಿ ಏಳುತ್ತದೆ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ವ್ಯಾಪಾರದ ಕೈಪಿಡಿಯಲ್ಲಿ, ಗಂಗಾತೀರದಿಂದ ಬಂದ ಈ ಸರಕು ಕೇರಳ ಕರಾವಳಿಯ ಮುಜಿರಿಸ್ ಬಂದರಿನಿಂದ ಹಡಗು ಹತ್ತುತ್ತಿತ್ತೆಂದಿದೆ. ಅಲ್ಲಿಂದ ಕೆಂಪು ಸಮುದ್ರ, ಮರುಭೂಮಿಯಲ್ಲಿ ಒಂಟೆ, ನೈಲ್ ನದಿ, ಅಲೆಕ್ಸಾಂಡ್ರಿಯ. ಒಂದೊಂದು ಕೈ ದಾಟಿದಾಗಲೂ ಬೆಲೆ ಏರಿ, ಸುಂಕ ಕೂಡಿ, ಬೆಥಾನಿಯದ ಆ ಮನೆಗೆ ಬರುವಷ್ಟರಲ್ಲಿ ಅದು ಚಿನ್ನದ ಒಡವೆಯಷ್ಟೇ ಜೋಪಾನ ಮಾಡುವ ವಸ್ತುವಾಗಿದ್ದರೆ ಆಶ್ಚರ್ಯವಿಲ್ಲ. ಹಿಮಾಲಯದ ಮಣ್ಣಿನ ವಾಸನೆ ಕರ್ತರ ಕಾಲಿಗೆ ಹತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಲೆಕ್ಕ. ಆಕೆ ತಂದದ್ದು ರೋಮನ್ನರ ಒಂದು ರಾತ್ತಲು, ಸುಮಾರು 325 ಗ್ರಾಂ. ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ದ್ರಾಕ್ಷಿತೋಟದ ಕೆಲಸಗಾರರ ಸಾಮತಿಯಲ್ಲಿ ಯಜಮಾನ ಒಪ್ಪಿಕೊಳ್ಳುವ ಕೂಲಿಯೂ ಅದೇ. ಸಬ್ಬತ್ತು ಮತ್ತು ಹಬ್ಬಗಳನ್ನು ಕಳೆದರೆ ಮುನ್ನೂರು ದಿನಾರಿ ಒಬ್ಬ ಕೂಲಿಯ ಇಡೀ ವರ್ಷದ ದುಡಿಮೆ. ನಮ್ಮ ಕಾಲಕ್ಕೆ ದಿನಕ್ಕೆ 500 ರೂಪಾಯಿ ಹಿಡಿದರೂ 1,50,000 ಆಯಿತು. ಇದೇ ಯೊವಾನ್ನನ ಆರನೆಯ ಅಧ್ಯಾಯದಲ್ಲಿ, ಐದು ಸಾವಿರ ಗಂಡಸರಿದ್ದ ಗುಂಪಿಗೆ ಇನ್ನೂರು ದಿನಾರಿಯ ರೊಟ್ಟಿ ತಂದರೂ ತಲೆಗೊಂದು ಚೂರು ಸಾಲದು ಎಂದು ಫಿಲಿಪ್ಪ ಲೆಕ್ಕ ಹಾಕುತ್ತಾನೆ. ಅಂದರೆ ಬೆಥಾನಿಯದ ನೆಲಕ್ಕೆ ಹರಿದದ್ದು ಅಷ್ಟು ಜನರಿಗೆ ಒಂದು ಹೊತ್ತಿನ ತುತ್ತಾದರೂ ಆಗುತ್ತಿತ್ತು. ಯೂದ ಬಾಯಿಗೆ ಬಂದ ಅಂಕಿ ಹೇಳಲಿಲ್ಲ. ವಸ್ತುವಿನ ಬೆಲೆ ಅವನಿಗೆ ಸರಿಯಾಗಿಯೇ ಗೊತ್ತಿತ್ತು.

ಅವನು ಕಳ್ಳ, ಚೀಲದ ಹಣ ಕದಿಯುತ್ತಿದ್ದ ಎಂದು ಯೊವಾನ್ನ ತಕ್ಷಣ ಸೇರಿಸುತ್ತಾನೆ. ಬಹಳಷ್ಟು ಪ್ರಬೋಧನೆಗಳಲ್ಲಿ ಗುರುಗಳು ಈ ಮಾತನ್ನೇ ಹಿಡಿದು ಮುಂದೆ ಹೋಗುವುದನ್ನು ಕೇಳಿದ್ದೇನೆ. ನನಗೆ ಅದು ಸಾಲದು. ಕೇಳಿದವನು ಕೆಟ್ಟವನಾದ ಮಾತ್ರಕ್ಕೆ ಕೇಳಿದ್ದು ಕೆಟ್ಟ ಪ್ರಶ್ನೆಯಾಗುವುದಿಲ್ಲ. ಮಾರ್ಕನಲ್ಲಿ ಈ ಆಕ್ಷೇಪ ಎತ್ತುವವರು ಅಲ್ಲಿದ್ದ ಕೆಲವರು, ಮತ್ತಾಯನಲ್ಲಿ ಶಿಷ್ಯರೇ. ಪ್ರಾಮಾಣಿಕರೂ ಕೇಳಿದ ಪ್ರಶ್ನೆ ಇದು. ನಮ್ಮ ಧರ್ಮಕೇಂದ್ರದ ಬಡವರ ನಿಧಿಯ ಲೆಕ್ಕ ಬರೆಯುವ ಕೆಲಸ ನಿವೃತ್ತಿಯ ಮೇಲೆ ನನ್ನ ಪಾಲಿಗೆ ಬಂದಿದೆ. ಆ ಪುಸ್ತಕ ತೆರೆದು ಕೂತ ಯಾರೂ ಯೂದನ ಪ್ರಶ್ನೆಯನ್ನು ತಳ್ಳಿಹಾಕಲಾರರು. ತಪಸ್ಸುಕಾಲದ ಕಾಣಿಕೆ ಡಬ್ಬಿಗಳನ್ನು ಸುರಿದು ನಾಣ್ಯ ಬೇರ್ಪಡಿಸುವಾಗ ಒಂದೊಂದು ರೂಪಾಯಿಯ ಹಿಂದೆಯೂ ಯಾರೋ ಬಿಟ್ಟ ಶುಕ್ರವಾರದ ಮಾಂಸ, ಯಾರೋ ಬಿಟ್ಟ ಸಂಜೆಯ ಕಾಫಿ ಇರುತ್ತದೆ. ಅದು ಎಲ್ಲಿಗೆ ಹೋಯಿತೆಂದು ಕೇಳುವುದು ಧರ್ಮವೇ.

ಬಡವರು ಯಾವಾಗಲೂ ಇರುತ್ತಾರೆ ಎಂಬ ಯೇಸುವಿನ ಮಾತನ್ನು ಎಷ್ಟು ಕೆಟ್ಟದಾಗಿ ಬಳಸಿದ್ದೇವೆ! ಬಡತನ ತಪ್ಪದ್ದು, ಇದ್ದದ್ದೇ, ಕೈಚೆಲ್ಲಿ ಕೂರಬಹುದು ಎಂಬ ಅರ್ಥವನ್ನು ಅದಕ್ಕೆ ಅಂಟಿಸಿ ಎಷ್ಟೋ ಜನ ನೆಮ್ಮದಿಯಾಗಿ ನಿದ್ರೆ ಮಾಡಿದ್ದಾರೆ. ಆ ಮನೆಯಲ್ಲಿ ಕೂತಿದ್ದ ಯೆಹೂದ್ಯರಿಗೆ ಹಾಗೆ ಕೇಳಿಸಿರಲಾರದು. ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯ ಅವರಿಗೆ ಬಾಯಿಪಾಠ. ನಾಡಿನಲ್ಲಿ ಬಡವರು ಇದ್ದೇ ಇರುವುದರಿಂದ ಕೈಯನ್ನು ಅಗಲವಾಗಿ ತೆರೆದಿಡಬೇಕೆಂದು ಅಪ್ಪಣೆ ಮಾಡುವ ಭಾಗ ಅದು. ಸಾಲ ಬಿಟ್ಟುಕೊಡುವ ಏಳನೆಯ ವರ್ಷದ ಕಟ್ಟಳೆ ಇರುವುದೂ ಅಲ್ಲಿಯೇ. ಯೇಸು ಅರ್ಧ ವಾಕ್ಯ ಹೇಳಿದರೆ ಉಳಿದರ್ಧ ಕೇಳುವವರ ಎದೆಯಲ್ಲೇ ಇತ್ತು. ಬಡವರಿಗೆ ಬೇಕೆಂದಾಗ ಒಳ್ಳೆಯದು ಮಾಡಬಹುದಲ್ಲ ಎಂದು ಮಾರ್ಕನ ಯೇಸು ಅದನ್ನು ಬಿಡಿಸಿಯೂ ಹೇಳುತ್ತಾರೆ.

ಹಾಗಿದ್ದರೆ ಆ ತೈಲ ದಂಡವೇ, ಅಲ್ಲವೇ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಯಾವ ವ್ಯಾಖ್ಯಾನದಲ್ಲೂ ಅಲ್ಲ, ನಿಧಿಯಿಂದ ಪ್ರತಿ ತಿಂಗಳು ಅಕ್ಕಿ, ಬೇಳೆ ಮತ್ತು ಔಷಧಕ್ಕೆ ಸ್ವಲ್ಪ ಹಣ ಪಡೆಯುತ್ತಿದ್ದ ಒಬ್ಬ ಅಜ್ಜಿಯ ಮನೆಯಲ್ಲಿ. ಆಕೆ ಪ್ರಾಯದಲ್ಲಿ ಊದುಬತ್ತಿ ಹೊಸೆದು ಸಂಸಾರ ನಡೆಸಿದವಳು. ಗಂಡ ಗಾರೆ ಕೆಲಸದವನು. ಲಕ್ವ ಹೊಡೆದು ಮಲಗಿದ್ದ. ಇನ್ನು ಮಾಡುವಂಥದ್ದೇನಿಲ್ಲ, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದ್ದರು. ನಮ್ಮ ರೂಢಿಯಂತೆ ಇಬ್ಬರು ಹೋಗಿ ಮನೆ ನೋಡಿಬರಬೇಕು. ನನ್ನ ಜೊತೆ ಬಂದವರು ನಿಷ್ಠೆಯ ಮನುಷ್ಯ, ಬಡವರಿಗಾಗಿ ಸೈಕಲ್ ತುಳಿದು ತುಳಿದು ಮೊಣಕಾಲು ಸವೆಸಿದವರು. ಒಳಗೆ ಹೋದಾಗ ಮೂಗಿಗೆ ಬಡಿದದ್ದು ನಾವು ನಿರೀಕ್ಷಿಸಿದ್ದ ವಾಸನೆಯಲ್ಲ. ಗಂಧ. ಅಪ್ಪಟ ಶ್ರೀಗಂಧದ ಎಣ್ಣೆ. ನನ್ನ ಮೂಗಿಗೆ ಅದು ತಪ್ಪುವುದಿಲ್ಲ. ಗೂಡಿನಲ್ಲಿ ಪುಟ್ಟ ಸೀಸೆ ಇತ್ತು. ಕೊಬ್ಬರಿ ಎಣ್ಣೆಗೆ ಅದರ ಒಂದೆರಡು ತೊಟ್ಟು ಹಾಕಿ ರಾತ್ರಿ ಗಂಡನ ಕಾಲಿಗೆ, ಅಂಗಾಲಿಗೆ ತಿಕ್ಕುತ್ತಾಳಂತೆ.

ಹೊರಗೆ ಬಂದಮೇಲೆ ಜೊತೆಯವರು ಕೇಳಿದರು: “ಅದನ್ನು ಕೊಂಡದ್ದು ನಮ್ಮ ಔಷಧದ ದುಡ್ಡಿನಲ್ಲೇ ಅಲ್ಲವೇನಮ್ಮ? ಆ ದುಡ್ಡಲ್ಲಿ ಇನ್ನೊಂದು ಮನೆಗೆ ಅಕ್ಕಿ ಹೋಗುತ್ತಿತ್ತು.” ಅವರು ಹೇಳಿದ್ದು ನಿಜ. ಸೀಸೆಯ ಬೆಲೆ ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಂದಿನ ಭೇಟಿಯಲ್ಲಿ ಅಜ್ಜಿ ತಾನಾಗಿಯೇ ಆ ಮಾತೆತ್ತಿದಳು. ನಾವು ನೋಡಿದ್ದನ್ನು ಗಮನಿಸಿದ್ದಳೆಂದು ಕಾಣುತ್ತದೆ. “ಇಷ್ಟು ವರ್ಷ ಊರಿನ ದೇವರಿಗೆಲ್ಲ ವಾಸನೆ ಮಾಡಿ ಕಳಿಸಿದೆ ಕಣಮ್ಮ. ನಮ್ಮ ಮನೆಯವರಿಗೆ ಒಂದು ದಿನ ಆದರೂ ಬೇಡವಾ? ಹೋದಮೇಲೆ ಎಲ್ಲರೂ ಸೆಂಟು ಹಾಕುತ್ತಾರೆ. ಆಗ ಅವರಿಗೆ ಗೊತ್ತಾಗುತ್ತದಾ?” ಎಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮರಿಯ ಮಾಡಿದ್ದು ಇದನ್ನೇ. ಸಾವು ಮನೆಯೊಳಗೆ ಬಂದು ಕೂತಿರುವುದು ಆಕೆಗೆ ತಿಳಿದಿತ್ತು. ಸ್ವಲ್ಪ ಕಾಲದ ಕೆಳಗೆ ತಮ್ಮನ ಸಮಾಧಿಯ ಬಾಯಿಯಲ್ಲಿ ನಿಂತು ದುರ್ವಾಸನೆಯ ಮಾತು ಕೇಳಿದವಳು. ಪ್ರಾಯಶಃ ಆ ತೈಲ ಲಾಜರನಿಗೆಂದೇ ತಂದು ಮಿಕ್ಕದ್ದಿರಬೇಕೆಂದು ನನಗನ್ನಿಸುತ್ತದೆ. ಶುಭಸಂದೇಶ ಹಾಗೆ ಹೇಳುವುದಿಲ್ಲ. ಹೆಣಕ್ಕೆ ಹಚ್ಚುವುದನ್ನು ಆಕೆ ಬದುಕಿರುವ ಕಾಲಿಗೆ ಹಚ್ಚಿದಳು. ಆ ಕಾಲಿಗೆ ಸ್ಪರ್ಶ ತಿಳಿಯುತ್ತಿತ್ತು, ಆ ಮೂಗಿಗೆ ಪರಿಮಳ ತಿಳಿಯುತ್ತಿತ್ತು. ನಾವು ಮರೆಯುವ ಇನ್ನೊಂದು ಸಂಗತಿಯಿದೆ. ಆ ಮನೆಯಲ್ಲಿ ಎಲ್ಲರಿಗಿಂತ ಬಡವ ಯಾರು? ತಲೆಯಿಡಲು ಸ್ವಂತ ಜಾಗವಿಲ್ಲದೆ ಊರೂರು ತಿರುಗಿದವನು, ಕೆಲವೇ ದಿನಗಳಲ್ಲಿ ಮೈಮೇಲಿನ ಬಟ್ಟೆಯನ್ನೂ ಸೈನಿಕರು ಪಾಲು ಹಾಕಿಕೊಳ್ಳಲಿದ್ದವನು, ಇನ್ನೊಬ್ಬರ ಸಮಾಧಿಯಲ್ಲಿ ಮಲಗಲಿದ್ದವನು. ಯೂದ ಬಡವರ ಬಗ್ಗೆ ಮಾತಾಡುತ್ತಿದ್ದಾಗ ಬಡವ ಅವನೆದುರಿಗೇ ಕೂತಿದ್ದ. ತೈಲ ಹೋಗಬೇಕಾದ ಕಡೆಗೇ ಹೋಯಿತು.

ಯೂದನ ಲೆಕ್ಕದಲ್ಲಿ ತಪ್ಪಿದ್ದು ಅಂಕಿಯಲ್ಲ, ಬಡವನೆಂದರೆ ಹೊಟ್ಟೆ ಎಂದು ಅವನು ತಿಳಿದದ್ದು. ನಾವೂ ಹಾಗೆಯೇ ತಿಳಿದು ಅಕ್ಕಿ, ಬೇಳೆ, ಮಾತ್ರೆ ಎಂದು ಪಟ್ಟಿ ಮಾಡುತ್ತೇವೆ. ಹಸಿದವನಿಗೆ ಮೊದಲು ಅನ್ನ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಬಡವನಿಗೂ ಮೂಗಿದೆ. ತನ್ನವರಿಗಾಗಿ ಲೆಕ್ಕ ನೋಡದೆ ಸುರಿಯುವ ಆಸೆ ಅವನಿಗೂ ಇದೆ. ಅದನ್ನು ಉಳ್ಳವರು ಮಾಡಿದರೆ ಪ್ರೀತಿ ಎನ್ನುತ್ತೇವೆ. ಬಡವರು ಮಾಡಿದರೆ ದುಂದು ಎಂದು ಅಕ್ಕಿ ಕಡಿತ ಮಾಡುವ ಯೋಚನೆಗೆ ಬೀಳುತ್ತೇವೆ.

ಬೆಥಾನಿಯದ ತೈಲವನ್ನು ತೋರಿಸಿ ಎಲ್ಲ ಖರ್ಚನ್ನೂ ಸಮರ್ಥಿಸುವವರಿದ್ದಾರೆ. ಅವರಿಗೆ ನಾಲ್ಕನೆಯ ಶತಮಾನದ ಸಂತ ಯೊವಾನ್ನ ಕ್ರಿಸೊಸ್ತೊಮರನ್ನು ಓದಿ ಎನ್ನುತ್ತೇನೆ. ಅಂತಿಯೋಕ್ಯದಲ್ಲಿ ಮತ್ತಾಯನ ಮೇಲೆ ಉಪದೇಶ ಮಾಡುತ್ತ, ಕ್ರಿಸ್ತ ಬೀದಿಯಲ್ಲಿ ಹಸಿದು ಸಾಯುತ್ತಿರುವಾಗ ಪೀಠದ ಮೇಲೆ ಚಿನ್ನದ ಪಾತ್ರೆ ಇಟ್ಟು ಏನು ಬಂತು ಎಂದು ಸಿರಿವಂತರ ಮುಖಕ್ಕೇ ಕೇಳಿದವರು ಅವರು. ಮರಿಯ ಸುರಿದದ್ದು ತನ್ನದನ್ನು, ಸಂಘದ ಚೀಲದ್ದನ್ನಲ್ಲ. ಸುರಿದದ್ದು ಮೈಗೆ, ಗೋಡೆಗಲ್ಲ. ಆದರೂ ಕಲ್ಲು ಕಟ್ಟಡಗಳ ಬಗ್ಗೆ ನನ್ನ ಮನಸ್ಸು ಪೂರ್ತಿ ಗಟ್ಟಿಯಾಗುವುದಿಲ್ಲ. 1933ರಲ್ಲಿ, ಲೋಕವೆಲ್ಲ ಆರ್ಥಿಕ ಕುಸಿತದಲ್ಲಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ನಮ್ಮ ಊರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲಿಟ್ಟರು. ಅದರ 175 ಅಡಿಯ ಜೋಡಿ ಗೋಪುರ ದುಂದು ಎಂದು ವಾದಿಸಬಹುದು. ಆದರೆ ಅರಮನೆ ನೋಡಲು ಟಿಕೆಟ್ ಬೇಕು. ಆ ಎತ್ತರದ ಕಮಾನುಗಳ ಕೆಳಗೆ ಮನೆಗೆಲಸ ಮುಗಿಸಿ ಬಂದ ಹೆಂಗಸು ಚಪ್ಪಲಿ ಬಿಟ್ಟು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಆ ಎತ್ತರ ಅವಳದೂ ಹೌದು.

ಬುಧವಾರದ ವಾಚನ ಮತ್ತಾಯನದು. ಯೂದ ಮಹಾಯಾಜಕರ ಬಳಿ ಹೋಗಿ, ಯೇಸುವನ್ನು ಹಿಡಿದುಕೊಟ್ಟರೆ ಎಷ್ಟು ಕೊಡುತ್ತೀರೆಂದು ಕೇಳುತ್ತಾನೆ. ಅವರು ಮೂವತ್ತು ಬೆಳ್ಳಿ ನಾಣ್ಯ ಎಣಿಸುತ್ತಾರೆ. ಅವು ದೇವಾಲಯದಲ್ಲಿ ಚಲಾವಣೆಯಲ್ಲಿದ್ದ ತೂರಿನ ಶೆಕೆಲ್‌ಗಳಾಗಿದ್ದರೆ ಒಂದಕ್ಕೆ ನಾಲ್ಕು ದಿನಾರಿಯಂತೆ ನೂರಿಪ್ಪತ್ತು. ಎತ್ತು ತಿವಿದು ಸತ್ತ ಗುಲಾಮನಿಗೆ ಮೋಶೆಯ ಧರ್ಮಶಾಸ್ತ್ರ ಕಟ್ಟಿದ ಪರಿಹಾರವೂ ಮೂವತ್ತು ಶೆಕೆಲ್. ಪಾದಕ್ಕೆ ಹಚ್ಚಿದ ತೈಲಕ್ಕೆ ಮುನ್ನೂರು. ಪಾದವೂ ಸೇರಿ ಇಡೀ ಮನುಷ್ಯನಿಗೆ ಅದರ ಅರ್ಧವೂ ಇಲ್ಲ. ಎರಡೂ ದರ ಯೂದನಿಗೆ ಗೊತ್ತಿತ್ತು.

ಗುರುವಾರ ಸಂಜೆ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದು ಒರೆಸುತ್ತಾರೆ. ಯೊವಾನ್ನನ ಹಿಂದಿನ ಅಧ್ಯಾಯದಲ್ಲಿ ಒಬ್ಬ ಹೆಂಗಸು ತಮಗೆ ಮಾಡಿದ್ದನ್ನೇ ಅವರು ಇತರರಿಗೆ ಮಾಡುತ್ತಿದ್ದಾರೆ ಎಂಬುದು ಆ ಸಂಜೆ ಎಷ್ಟು ಜನಕ್ಕೆ ಹೊಳೆಯುತ್ತದೋ. ಕಾಲು, ಒರೆಸುವುದು, ಬಗ್ಗಿದ ಬೆನ್ನು, ಪಕ್ಕದಲ್ಲಿ ಕಸಿವಿಸಿಗೊಂಡ ಒಬ್ಬ ಶಿಷ್ಯ, ಎಲ್ಲ ಅದೇ. ಗುರು ಅದನ್ನು ಆಕೆಯಿಂದ ಕಲಿತರೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಬೇರೆಯಾದದ್ದು ಬೆಲೆ ಮಾತ್ರ. ಅಲ್ಲಿ ಮುನ್ನೂರು ದಿನಾರಿಯ ತೈಲ, ಇಲ್ಲಿ ಬಾವಿಯ ನೀರು. ಖರ್ಚಿನ ಕಡೆ ಬರೆಯಲು ಗುರುವಾರ ಏನೂ ಇಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸರು ನಿಯಮ ಬದಲಿಸಿದ ಮೇಲೆ, ಅಂದು ದೇವಾಲಯದಲ್ಲಿ ಗುರುಗಳು ಕಾಲು ತೊಳೆಯುವ ಹನ್ನೆರಡು ಜನರ ಕುರ್ಚಿಗಳಲ್ಲಿ ಹೆಂಗಸರಿಗೂ ಜಾಗವಾಯಿತು. ಬೆಥಾನಿಯ ನಡೆದು ಸುಮಾರು ಎರಡು ಸಾವಿರ ವರ್ಷವಾದ ಮೇಲೆ!

ಮರಿಯಳ ಹೆಸರಿನ ಕತೆಯೂ ಹಾಗೆಯೇ. ಶುಭಸಂದೇಶ ಸಾರುವ ಕಡೆಯಲ್ಲೆಲ್ಲ ಆಕೆ ಮಾಡಿದ್ದನ್ನು ಹೇಳುವರು ಎಂದು ಮಾರ್ಕನ ಯೇಸು ಮಾತು ಕೊಡುತ್ತಾರೆ. ಮಾರ್ಕ ಆಕೆಯ ಹೆಸರನ್ನೇ ಬರೆಯುವುದಿಲ್ಲ. 591ರ ಸುಮಾರಿಗೆ ಪೋಪ್ ಮಹಾ ಗ್ರೆಗೊರಿಯವರು ಬೆಥಾನಿಯದ ಮರಿಯ, ಮಗ್ದಲದ ಮರಿಯ, ಲೂಕನ ಪಾಪಿ ಹೆಂಗಸು ಮೂವರೂ ಒಬ್ಬಳೇ ಎಂದು ಬೋಧಿಸಿದರು. ಪಶ್ಚಿಮದ ಸಭೆ ಶತಮಾನಗಳ ಕಾಲ ಹಾಗೆಯೇ ನಂಬಿತು. ಜುಲೈ 29ರ ಮಾರ್ತಳ ಸ್ಮರಣೆಯ ಜೊತೆ ಮರಿಯ, ಲಾಜರರ ಹೆಸರೂ ರೋಮಿನ ಪಂಚಾಂಗ ಸೇರಿದ್ದು 2021ರಲ್ಲಿ. ಗಂಧದೆಣ್ಣೆಯ ಅಜ್ಜಿಯ ಹೆಸರು ನಮ್ಮ ಪುಸ್ತಕದಲ್ಲಿ ಒಂದು ಕ್ರಮಸಂಖ್ಯೆಯ ಮುಂದೆ ಇದೆ, ಅಕ್ಕಿ ಎಷ್ಟು ಕಿಲೋ ಎಂಬುದರ ಜೊತೆ.

ಶುಕ್ರವಾರ ಸಂಜೆ ನಿಕೊದೇಮ ರಕ್ತಬೋಳ ಮತ್ತು ಅಗರು ಬೆರೆತದ್ದನ್ನು ನೂರು ರಾತ್ತಲು, ಮೂವತ್ತು ಕಿಲೋಗೂ ಮಿಕ್ಕು, ಹೊತ್ತು ತರುತ್ತಾನೆ. ಅರಸರ ಅಂತ್ಯಕ್ರಿಯೆಗೆ ಸಲ್ಲುವ ಮೊತ್ತ. ರಾತ್ರಿ ಹೊತ್ತು ಕದ್ದು ಬಂದು ಯೇಸುವನ್ನು ಕಂಡವನು ಈಗ ಬೆಳಕಿರುವಾಗಲೇ ಬಂದಿದ್ದಾನೆ, ಆದರೆ ಅವರು ಉಸಿರಾಡುತ್ತಿಲ್ಲ. ಅವನ ಪ್ರೀತಿಯನ್ನು ನಾನು ಸಣ್ಣದೆನ್ನುವುದಿಲ್ಲ. ಅದು ತಡವಾಗಿ ಬಂದ ಪ್ರೀತಿ. ಸಬ್ಬತ್ತು ಕಳೆದ ಮೇಲೆ ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋಗುತ್ತಾರೆ. ಅಲ್ಲಿ ಹಚ್ಚಲು ದೇಹವೇ ಇರುವುದಿಲ್ಲ. ಯೇಸು ಎದ್ದಿದ್ದಾರೆ. ಆ ದ್ರವ್ಯ ಏನಾಯಿತೆಂದು ನಾಲ್ಕು ಶುಭಸಂದೇಶಕಾರರಲ್ಲಿ ಒಬ್ಬನೂ ಬರೆದಿಲ್ಲ. ಇಡೀ ವಾರದಲ್ಲಿ ಸುರಿದ ಪರಿಮಳದಲ್ಲಿ ಬದುಕಿದ್ದ ಯೇಸುವಿಗೆ ತಲುಪಿದ್ದು ಮರಿಯಳದೊಂದೇ. ದಂಡ ಎಂದು ಎಲ್ಲರೂ ಬೆರಳು ತೋರಿಸಿದ ತೈಲವೇ ಸರಿಯಾದ ಹೊತ್ತಿಗೆ ಬಂದಿತ್ತು.

ಬಡವರ ನಿಧಿಯ ಈ ತಪಸ್ಸುಕಾಲದ ಕೊನೆಯ ಸಭೆಗೆ ಒಂದು ಪ್ರಸ್ತಾವ ಬರೆದಿಟ್ಟಿದ್ದೇನೆ. ನಿಧಿಯ ಕುಟುಂಬಗಳಿಗೆ ಈಸ್ಟರಿನ ಮುನ್ನಾದಿನ ನಾವು ಕೊಡುವ ಚೀಲದಲ್ಲಿ ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ ಇರುತ್ತವೆ. ಅದರಲ್ಲಿ ಒಂದು ಹಿಡಿಯೂ ಕಡಿಮೆಯಾಗಬಾರದು. ಅದರ ಜೊತೆಗೆ ಮನೆಗೊಂದು ಲಕೋಟೆ, ಒಳಗೆ 300 ರೂಪಾಯಿ. ಹೂವೋ, ಸೆಂಟೋ, ಬಳೆಯೋ, ಮೊಮ್ಮಗುವಿಗೆ ಕೇಕೋ, ಸತ್ತವರ ಸಮಾಧಿಗೆ ದೊಡ್ಡ ಮೇಣದಬತ್ತಿಯೋ, ಅವರಿಷ್ಟ. ರಶೀದಿ ಕೇಳುವುದಿಲ್ಲ, ಮನೆ ನೋಡಲು ಹೋದವರು ಏನು ಕೊಂಡಿರೆಂದು ವಿಚಾರಿಸುವುದೂ ಇಲ್ಲ. ಕುಡಿಯುವವನ ಕೈಗೆ ಸಿಕ್ಕರೆ ಎಂದು ಒಬ್ಬರಾದರೂ ಕೇಳುತ್ತಾರೆ. ಲಕೋಟೆಯನ್ನು ಮನೆಯ ಹೆಂಗಸಿನ ಕೈಗೇ ಕೊಡಬೇಕೆಂದು ಅದಕ್ಕಾಗಿಯೇ ಬರೆದಿದ್ದೇನೆ. ನಗದು ಪುಸ್ತಕದಲ್ಲಿ ಇದನ್ನು ಯಾವ ತಲೆಬರಹದ ಕೆಳಗೆ ಹಾಕುವುದೆಂದು ಆಡಿಟ್ ಮಾಡುವವರು ಕೇಳಿದರೆ, ಬೆಥಾನಿಯ ಎಂದು ಹೊಸ ಖಾತೆ ತೆರೆಯಲು ಸಭೆಯ ಒಪ್ಪಿಗೆ ಕೋರಿದ್ದೇನೆ.